ಹೆಪ್ಪು

ಗ್ದಾನ್ಸ್ಕ್, ಫೆಬ್ರವರಿ. ಕಿಟಕಿಯಾಚೆ ಹಡಗುಕಟ್ಟೆಯ ಕ್ರೇನುಗಳು
ಮಂಜಿನಲ್ಲಿ ಕತ್ತು ನೀಡಿ ನಿಂತಿವೆ.
ಕಿಂಗಾ, ಎಂಟು ವರ್ಷ. ಅವಳದೊಂದು ಹನಿ ರಕ್ತ
ಗಾಜಿನ ಮೇಲೆ ಸವರಿ, ನೇರಳೆ ಬಣ್ಣ ಹಾಯಿಸಿ
ಹನ್ನೆರಡು ರಾತ್ರಿಯಿಂದ ಹುಡುಕುತ್ತಿದ್ದೇನೆ
ಒಂದಾದರೂ ಬಿಳಿಕಣ.
ಬೆರಳಡಿಯ ಎಣಿಕೆಯಂತ್ರ
ಟಿಕ್ ಅನ್ನುವುದನ್ನೇ ಮರೆತಿದೆ.

ಆ ದಿನ ತೂಗುಹಾಕಿದ ಚೀಲದಲ್ಲಿ ಇದ್ದದ್ದಾದರೂ ಏನು?
ನೀರಾದ ಟೊಮೆಟೊ ಸೂಪಿನ ಬಣ್ಣ.
ಗಂಡಸು, ಮೂವತ್ತನಾಲ್ಕು, ಎಪ್ಪತ್ತೊಂದು ಕಿಲೋ,
ಇಷ್ಟೇ ಇತ್ತು ಚೀಟಿಯಲ್ಲಿ.
ಟ್ರಾಮು ಓಡಿಸುವವನೋ, ಮೀನು ಕೊಯ್ಯುವವನೋ.

ಗೆನೊವೆಫಾ ಅಜ್ಜಿ ಕೇಳಿದ್ದಳು:
"ತೋಳಿನ ನರಕ್ಕೆ ಬಿಟ್ಟರೆ
ಮೂಳೆಗೆ ದಾರಿ ತೋರಿಸುವವರು ಯಾರು?"
ಯಾರೂ ಇಲ್ಲ ಅಜ್ಜಿ. ತಾವೇ ಹೋಗುತ್ತವೆ,
ಹೃದಯ ಹಾದು, ಶ್ವಾಸಕೋಶ ಸುತ್ತಿ,
ಖಾಲಿ ಮನೆಯ ವಾಸನೆ ಹಿಡಿದು.
"ಹಾಗಾದರೆ ಹೆಪ್ಪು ಅನ್ನು."
ಹಾಲಿಗೆ ಒಂದು ಚಮಚ ಹುಳಿ, ಮೇಲೊಂದು ಬಟ್ಟೆ,
ಅಲುಗಾಡಿಸದೆ ಕಾಯುವುದು. ಅದು ಅವಳಿಗೆ ಗೊತ್ತು.
ತಂದ ಮೊಸರಿನ ಜಾಡಿಯನ್ನು ಮಾತ್ರ
ನರ್ಸು ಬಾಗಿಲಲ್ಲೇ ತಡೆದಿದ್ದಳು.

ಇವತ್ತು, ಮೂರೂಕಾಲಕ್ಕೆ, ಟಿಕ್.
ಕುದುರೆಲಾಳದ ಹಾಗೆ ಬಾಗಿದ ಒಡಲು, ಇನ್ನೂ ಎಳಸು.
ಮತ್ತೊಂದು. ಟಿಕ್.
ಎಲ್ಲ ಒಂದೇ ತಾಯಿಯ ಮಕ್ಕಳು.
ಕೆಲವು ಕಂಡದ್ದನ್ನು ನುಂಗಿ ದಿನದೊಳಗೆ ಸಾಯುವವು,
ಕೆಲವು ಹಳೆಯ ಹಗೆಯನ್ನು ಹತ್ತಾರು ವರ್ಷ ಮರೆಯದವು.
ಕವಲು ಒಡೆಯುವ ಘಳಿಗೆ,
ಇಪ್ಪತ್ತು ವರ್ಷ ಕಣ್ಣು ನೆಟ್ಟ ನನಗೂ ಸಿಕ್ಕಿಲ್ಲ.

ಟಿ-ಕಣಗಳಿಗೆ ಇನ್ನೂ ತಿಂಗಳುಗಳು ಬೇಕು.
ಎದೆಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಶಾಲೆ;
ಒಂದೇ ಪ್ರಶ್ನೆ: ನಿನ್ನವರು ಯಾರು?
ಬಿಗಿಯಾಗಿ ತಬ್ಬಿದವನೂ ಫೇಲು,
ಕೈಯೇ ಚಾಚದವನೂ ಫೇಲು.
ಫೇಲಾದವನು ಮನೆಗೆ ಮರಳುವುದಿಲ್ಲ,
ಅಲ್ಲೇ ಸಾಯುತ್ತಾನೆ, ಪಕ್ಕದವರು ತಿಂದು ಮುಗಿಸುತ್ತಾರೆ.
ನೂರಕ್ಕೆ ಎರಡೋ ಮೂರೋ ಹೊರಬೀಳುವುದು.
ಆ ಅಪರಿಚಿತನ ಸಂತಾನ ಕಿಂಗಾಳ ಶಾಲೆಯಲ್ಲಿ ಕೂತು
ಕಿಂಗಾಳನ್ನೇ "ನಾನು" ಅನ್ನಲು ಕಲಿಯಬೇಕು.

ಕಲಿತರೆ,
ಅವಳ ರಕ್ತದ ಗುಂಪು ಬದಲಾದೀತು.
ಹಳೆಯ ಲಸಿಕೆಗಳ ನೆನಪೆಲ್ಲ ಅಳಿಸಿ
ಎಂಟರ ಹುಡುಗಿ ಎರಡು ತಿಂಗಳ ಕೂಸುಗಳ ಸಾಲಲ್ಲಿ
ನಾಯಿಕೆಮ್ಮಿಗೆ, ಪೋಲಿಯೋಗೆ ಮತ್ತೆ ತೋಳು ಒಡ್ಡಬೇಕು,
ಕಾಲು ನೆಲ ಮುಟ್ಟುವ ಕೂಸು.

ಅದೆಲ್ಲ ಆಮೇಲೆ. ಈಗ ಹಾಳೆಯಲ್ಲಿ ಬರೆಯುತ್ತೇನೆ: ಆರು.
ನೂರು ಎಣಿಸಬೇಕೆನ್ನುವುದು ನಿಯಮ.
ಆರೇ ಇವೆ.

ಸುದ್ದಿ ಹೇಳಬೇಕಾದವರು ವೈದ್ಯರು, ಬೆಳಿಗ್ಗೆ ಎಂಟಕ್ಕೆ.
ಕಾರಿಡಾರಿನ ಬೆಂಚಿನ ಮೇಲೆ
ಅಜ್ಜಿ ಕೋಟು ಹೊದ್ದು ಮಲಗಿದ್ದಾಳೆ.
ಅಲುಗಾಡಿಸದೆ
ದಾಟಿ ಹೋಗುತ್ತೇನೆ.