ನಾಲಬಂದನ ಗಂಟು

ಕಲಬುರಗಿಯ ಸರಕಾರಿ ದವಾಖಾನೆ, ಮೂರನೇ ಮಹಡಿ,
ಬೆಡ್ ನಂಬರ್ ಒಂಬತ್ತು.
ಮಹತಾಬಸಾಬ, ಜೇವರ್ಗಿ ಕಡೆಯವನು,
ವಯಸ್ಸು ಅಂದಾಜು ಎಪ್ಪತ್ತು.
ಹೊಟ್ಟೆ ಕೊಯ್ದು ಹೊಲಿದು ಎರಡು ದಿನ.
ರಾತ್ರಿ ಒಂದಕ್ಕೆ ಮೂಗಿನ ನಳಿಗೆ ಕಿತ್ತ,
ಎರಡಕ್ಕೆ ಕೈಯ ಸೂಜಿ ಕಿತ್ತ,
ಹೊಲಿಗೆಗೇ ಕೈ ಹಾಕಿದಾಗ
ಡಾಕ್ಟರು ಫೋನಿನಲ್ಲೇ ಅಂದರು: ಕಟ್ರಿ.

ಕಟ್ಟುವುದಕ್ಕೆ ನಮ್ಮಲ್ಲಿ ಪಟ್ಟಿಗಳಿಲ್ಲ.
ಬ್ಯಾಂಡೇಜಿನ ಸುರುಳಿ ಇದೆ, ಹಲ್ಲಿನಿಂದ ಹರಿಯುವುದು.
ಬಲಗೈಗೊಂದು, ಎಡಗೈಗೊಂದು,
ಮಂಚದ ಪಕ್ಕದ ಸರಳಿಗೆ ಎರಡು ಸುತ್ತು,
ಮೇಲೊಂದು ಕಗ್ಗಂಟು.
ಹನ್ನೊಂದು ವರ್ಷದ ನೌಕರಿ,
ಇದನ್ನು ಯಾವ ಪಾಠದಲ್ಲೂ ಬರೆದುಕೊಂಡ ನೆನಪಿಲ್ಲ.
ದೊಡ್ಡ ಸಿಸ್ಟರ್ ಕಟ್ಟಿದ್ದು ನೋಡಿ ಕಲಿತದ್ದು,
ಜಡೆ ಹೆಣೆಯಲು ಕಲಿತ ಹಾಗೆ.

ಅವನು ಬೈದ. ಉರ್ದುವಿನಲ್ಲಿ ಬೈದ, ಕನ್ನಡದಲ್ಲಿ ಬೈದ,
ಆಮೇಲೆ ಯಾವುದೋ ಎತ್ತಿಗೆ ಬೈದ,
ಆಮೇಲೆ ಅದೇ ಎತ್ತನ್ನು ರಮಿಸಿದ:
ಹೋ ನನ ರಾಜಾ, ಹೋ, ಆತು,
ಇನ್ನೊಂದ ಮೊಳಿ ಅಷ್ಟ.

ಬೆಳಿಗ್ಗೆ ಬುದ್ಧಿ ತಿಳಿಯಾಗಿತ್ತು, ಸೋಸಿದ ನೀರಿನ ಹಾಗೆ.
ಮುಂಗೈ ಊದಿತ್ತು, ಬೆರಳು ಬದನೆಕಾಯಿ ಬಣ್ಣ.
ಗಂಟು ಬಿಚ್ಚಲು ಬಾರದೆ ಕತ್ತರಿ ತಂದೆ.
ಯಾರವ್ವಾ ಕಟ್ಟಿದಾಕಿ?
ನಾನು, ಅಂದೆ. ಬೈಗುಳಕ್ಕೆ ಕಾದು ನಿಂತೆ.
ಗಂಟು ಛಲೋ ಇಲ್ಲ, ಅಂದ.

ನಲವತ್ತು ವರ್ಷ ಎತ್ತು ಕೆಡವೀನವ್ವಾ ನಾ.
ನಾಲ್ಕೂ ಕಾಲು ಕೂಡಿಸಿ ಕಟ್ಟಿ
ಗೊರಸಿಗಿ ನಾಲ ಹೊಡೀಬೇಕಂದ್ರ
ಮೊದಲ ಬಿಚ್ಚೂದು ಕಲೀಬೇಕು.
ಎಳಿ ಎತ್ತು ಹೆದರಿ ಒದೀತಂದ್ರ
ಹಗ್ಗ ಚರ್ಮಾ ದಾಟಿ ನರಕ್ಕ ಇಳೀತದ.
ಭಾಳೊತ್ತು ಕೆಡವಿದಿ, ಹೊಟ್ಟಿ ಉಬ್ಬತದ,
ಉಸರು ನಿಲ್ತದ.
ಕೆಂಭಾವಿ ಸಂತ್ಯಾಗ ಒಂದು ಕೆಂದೆತ್ತು...

ಅಲ್ಲಿಗೆ ನಿಲ್ಲಿಸಿ ಕಿಟಕಿಯ ಕಡೆ ನೋಡಿದ.
ಅಲ್ಲಿ ಸಂತೆಯಿರಲಿಲ್ಲ,
ನೀರಿನ ಟಾಕಿಯ ಮೇಲೆ ಬಿಸಿಲು ಕೂತಿತ್ತು.
ಚಹಾಕ್ಕ ಹೋಗಿದ್ದೆ ನಾ, ಅಂದ.
ಬಂದು ನೋಡಿದ್ರ ಮುಗದಿತ್ತು.

ಮಧ್ಯಾಹ್ನ ಬೆರಳಿಗೆ ಬಣ್ಣ ಮರಳಿದ ಮೇಲೆ
ಕೈ ಕೊಡವ್ವಾ, ಅಂದ.
ಕೊಟ್ಟೆ. ಯಾಕೆ ಕೊಟ್ಟೆನೋ.
ನನ್ನ ಎಡ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿದ,
ಒಳಗೆ ತನ್ನ ಎರಡು ಬೆರಳಿಟ್ಟ: ಇಷ್ಟು ಸಂದು ಇರಬೇಕು.
ಏರಿಳಿಯುವ ಸರಳು ಬಿಟ್ಟು
ಮಂಚದ ಚೌಕಟ್ಟಿಗೆ ಬಿಗಿದ:
ಅಲುಗಾಡೂದಕ್ಕ ಎಂದೂ ಕಟ್ಟಬ್ಯಾಡ.

ಅಷ್ಟರಲ್ಲಿ ನಾಲ್ಕನೇ ಬೆಡ್ಡಿನ ಮಷೀನು ಕೂಗಿಕೊಂಡಿತು.
ಎದ್ದೆ. ಕೈ ಬರಲಿಲ್ಲ.
ಒಂದು ಕ್ಷಣ, ಅಷ್ಟೇ,
ಆ ಕೈ ನನ್ನದಲ್ಲ ಅನ್ನಿಸಿತು;
ಬಾಯಿಗೆ ಅವನದೇ ಬೈಗುಳ ಬಂತು, ಎರಡೂ ಭಾಷೆಯಲ್ಲಿ.
ಮುದುಕ ಇಳಿಬಿಟ್ಟ ತುದಿ ಜಗ್ಗಿದ.
ಗಂಟು ಇರಲೇ ಇಲ್ಲವೆಂಬಂತೆ ಬಿಚ್ಚಿ ಬಿತ್ತು.
ಓಡಿದೆ.

ರಾತ್ರಿ ಮತ್ತೆ ಅವನಿಗೆ ಎತ್ತುಗಳು ಬಂದವು.
ಅವನ ಗಂಟಿನಿಂದಲೇ ಅವನನ್ನು ಕಟ್ಟಿದೆ.
ನನ್ನ ಬೆರಳು ಸಣ್ಣವು, ಮೂರು ಇಟ್ಟು ನೋಡಿದೆ.
ಅರ್ಧ ಗಂಟೆಗೊಮ್ಮೆ ಉಗುರು ಒತ್ತಿ
ಬಿಳಿ ಹೋಗಿ ಕೆಂಪು ಬರುವವರೆಗೆ ಕಾದೆ.
ಚಹಾಕ್ಕೆ ಹೋಗಲಿಲ್ಲ.

ತುದಿಯನ್ನು ಅವನ ಅಂಗೈಗೆ ತಾಗುವ ಹಾಗೆ ಬಿಟ್ಟಿದ್ದೆ.
ತಪ್ಪು, ಗೊತ್ತು.
ಬೆಳಗಿನವರೆಗೂ ಜಗ್ಗಲಿಲ್ಲ.
ಮರೆತಿದ್ದನೋ,
ಕೆಂದೆತ್ತಿನ ಪಕ್ಕ ತಾನೂ ಮಲಗಿದ್ದನೋ.
ಒಂದೇ ಸಲ ಬೆರಳು ಅದನ್ನು ಮುಟ್ಟಿತು,
ಸವರಿತು, ಬಿಟ್ಟಿತು.
ಹೋ, ಅಂದ. ಯಾರಿಗೋ.