ಭಟ್ಟಿಯ ಮೇಲಿನ ಕೋಣೆ

ಹರಿಹರದ ಸೈಬರ್ ಅಂಗಡಿ ಬಾಗಿಲು ಹಾಕಿದ ದಿನ
ಒಂಬತ್ತು ಸಾವಿರ ಕೊಟ್ಟು ತಂದ ಪೆಟ್ಟಿಗೆ,
ದಾವಣಗೆರೆವರೆಗೂ ನನ್ನ ಮಡಿಲಲ್ಲೇ ಕೂತು ಬಂತು.
‘ಇದರ ಚಿಪ್ಪಿಗೆ ಬೀಗ ಇಲ್ಲ ಮೇಡಂ,
ಎಷ್ಟು ಬೇಕೋ ಅಷ್ಟು ಓಡಿಸಿ’ ಅಂದಿದ್ದ.
ಎಷ್ಟು ಅಂತ ಅವನು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ದಾದಾಪೀರ್ ಸಾಬರ ಮಂಡಕ್ಕಿ ಭಟ್ಟಿ, ಅದರ ಮೇಲೆ ನನ್ನ ಕೋಣೆ.
ಊರೂರ ಮದುವೆಗಳನ್ನು ಇಲ್ಲಿ ಕತ್ತರಿಸಿ ಜೋಡಿಸುತ್ತೇನೆ.
ತಾಳಿ ಕಟ್ಟುವ ಗಳಿಗೆ ಮೂರು ಕ್ಯಾಮೆರಾದಲ್ಲಿ,
ನಗುವ ಸೋದರತ್ತೆ ಒಂದರಲ್ಲಿ ಮಾತ್ರ.
ಜಗಳೂರಿನ ಮದುವೆಯೊಂದು ಪೂರ್ತಿ ಬೇಯಲು ಒಂಬತ್ತು ತಾಸು.
ಅಷ್ಟರಲ್ಲಿ ಕರೆಂಟ್ ಎರಡು ಸಲ ಹೋಗಿ ಬರುತ್ತದೆ,
ಮದುಮಗಳ ಅಪ್ಪ ನಾಲ್ಕು ಸಲ ಫೋನ್ ಮಾಡುತ್ತಾನೆ.

ಅದಕ್ಕೇ ಒಂದು ರಾತ್ರಿ ಸ್ಕ್ರೂ ಬಿಚ್ಚಿ ಕೂತೆ.
ಫ್ಯಾನಿನ ರೆಕ್ಕೆಗೆಲ್ಲ ಹೊಟ್ಟಿನ ಬೂದಿ.
ತಗಡಿನ ಪಕ್ಕೆಲುಬುಗಳ ಸಂದಿಯಲ್ಲಿ
ಒಂದು ಮಂಡಕ್ಕಿ, ಹೇಗೆ ಹೊಕ್ಕಿತೋ!
ಬ್ರಷ್ಷಿನಲ್ಲಿ ಗುಡಿಸಿದೆ. ಹಳೆಯ ಪೇಸ್ಟು
ಒಣಗಿ ಹಕ್ಕಳೆಯಾಗಿತ್ತು, ಒರೆಸಿ ಹೊಸದಿಟ್ಟೆ,
ತೊಗರಿಕಾಳಿನಷ್ಟು.
ಆಮೇಲೆ ಬಯೋಸಿನ ನೀಲಿ ಅಂಗಳಕ್ಕೆ ಇಳಿದು
ವೇಗದ ಮೆಟ್ಟಿಲು ಒಂದೇ ಒಂದು ಏರಿಸಿದೆ.

ಮೂವತ್ತೈದು ಇದ್ದದ್ದು ಮೂವತ್ತಾರು. ಏನೂ ಆಗಲಿಲ್ಲ.
ಮೂವತ್ತೇಳು, ಎಂಟು.
ಮೂವತ್ತೊಂಬತ್ತಕ್ಕೆ ಫ್ಯಾನು ಗಂಟಲು ಸರಿಮಾಡಿಕೊಂಡಿತು.
ಪ್ರತಿ ಮೆಟ್ಟಿಲಿಗೂ ಅರ್ಧ ತಾಸು ದುಡಿಸಿ
ವಿಮೆ ಏಜೆಂಟ್ ಕೊಟ್ಟ ಡೈರಿಯಲ್ಲಿ ಬರೆದುಕೊಂಡೆ:
ವೇಗ, ವೋಲ್ಟು, ಬಿಸಿ.
ನಲವತ್ತೆರಡಕ್ಕೆ ಪರದೆ ಧೊಪ್ಪನೆ ಸತ್ತಿತು.
ವೋಲ್ಟು ಚೂರು ಉಣಿಸಿದೆ, ಕಣ್ಣು ಬಿಟ್ಟಿತು.
ಇನ್ನೂ ಚೂರು. ಎದ್ದು ಓಡಿತು.
ಬಿಸಿ ಎಪ್ಪತ್ತಾರು.
ಗೆದ್ದೆ ಅಂದುಕೊಂಡೆ.

ಮೂರೂವರೆಗೆ ಕೆಳಗೆ ಭಟ್ಟಿ ಹೊತ್ತಿಸಿದರು.
ನೀರಿನ ಕೊಡ ಹಿಡಿದು ಮೇಲೆ ಬಂದ ಕರಿಬಸಮ್ಮ
ಬಿಚ್ಚಿದ ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.
ಎಲ್ಲ ಹೇಳಿದೆ. ಕೇಳಿಸಿಕೊಂಡು ಅಂದಳು,
‘ತಣ್ಣನ ಹೊತ್ತಿನಾಗ ಪಾಸಾದ್ರ ಏನ್ ಬಂತು ತಂಗಿ?
ಮಧ್ಯಾಹ್ನ ಮೂರಕ್ಕ ನೋಡು, ಕೆಳಗ ಉಸುಕು ಕಾದಿರ್ತೈತಿ.
ನಾ ಅಕ್ಕಿ ಸುರಿಯಾಕ ಮೊದಲು ನಾಕು ಕಾಳು ಒಗೀತೀನಿ.
ಅರಳಿದ್ರ ಸಾಕು.
ಕರ್ರಗಾದ್ರ ಆ ಬಿಸಿ ಯಾರಪ್ಪಂದು?’

ಮಧ್ಯಾಹ್ನ ಮೂರು. ಮೇ ತಿಂಗಳು.
ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ.
ನಲವತ್ತೆರಡರಲ್ಲಿ ಮದುವೆಯನ್ನು ಓಡಲು ಬಿಟ್ಟೆ.
ಎಂಬತ್ತೊಂಬತ್ತು. ತೊಂಬತ್ತಾರು. ನೂರು.
ಆಮೇಲೆ ಸದ್ದಿಲ್ಲದೆ, ಸಾಯದೆ, ಬೈಯದೆ,
ಚಿಪ್ಪು ತಾನೇ ಕಾಲೆಳೆಯತೊಡಗಿತು.
ಲೆಕ್ಕ ಹಾಕಿದೆ, ಹೀಗೇ ನಡೆದರೆ ಹತ್ತು ತಾಸು!
ಬರೀ ಮೂವತ್ತೈದರಲ್ಲಿ ಒಂಬತ್ತಕ್ಕೆ ಮುಗಿಸುತ್ತಿತ್ತು ಪಾಪ.

ಇಳಿಸಿದೆ. ನಲವತ್ತೊಂದು, ಇಲ್ಲ.
ನಲವತ್ತು, ಉಣಿಸಿದ ವೋಲ್ಟನ್ನೂ ಹಿಂದಕ್ಕೆ ತಗೊಂಡೆ.
ಎಂಬತ್ತೆರಡಕ್ಕೆ ಬಂದು ನಿಂತಿತು ಮುಳ್ಳು,
ಸಂಜೆವರೆಗೂ ಅಲ್ಲೇ.
ಕೆಳಗೆ ಜರಡಿಯ ಸದ್ದು, ಮೇಲೆ ಫ್ಯಾನಿನ ಸದ್ದು,
ಯಾವುದು ಯಾವುದೋ ತಿಳಿಯದಷ್ಟು ಒಂದೇ ಲಯ.

ಒಂಬತ್ತು ತಾಸಿನ ಮದುವೆ ಈಗ ಎಂಟು ತಾಸಿಗೆ.
ಇಷ್ಟೇನಾ ಅಂದ ಸ್ಟುಡಿಯೋದ ಗುತ್ಯಪ್ಪ.
ಇಷ್ಟೇ.
ಮದುಮಗಳ ಅಪ್ಪನ ಫೋನು ಈಗಲೂ ನಾಲ್ಕು ಸಲ.
ಉಳಿದ ಆ ಒಂದು ತಾಸು ಮೆಟ್ಟಿಲ ಮೇಲೆ ಕೂತು
ಬಿಸಿ ಮಂಡಕ್ಕಿಗೆ ಮೆಣಸಿನಕಾಯಿ ಕಡಿದುಕೊಂಡು ತಿನ್ನುತ್ತೇನೆ,
ಕರಿಬಸಮ್ಮನ ಚೀಲಗಳ ಲೆಕ್ಕ ಬರೆದುಕೊಡುತ್ತೇನೆ
ಅದೇ ಡೈರಿಯ ಹಿಂದಿನ ಪುಟದಲ್ಲಿ.

ಮುಂದಿನ ಪುಟದ ನಲವತ್ತೆರಡನ್ನು ಮಾತ್ರ
ಇನ್ನೂ ಹೊಡೆದುಹಾಕಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಡಿಸೆಂಬರ್ ಬರಲಿ.