ಎಡಗಡಿ ಬ್ರೇಕು

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಸವಾಲು ಕೂಗಿದವ ನಾನು,
ಇಪ್ಪತ್ತೆರಡು ವರ್ಷ.
ಆಮ್ಯಾಲ ಕಂಪ್ಯೂಟರ್ ಬಂತು, ರೇಟು ಬಾಯಿ ಬಿಟ್ಟು ಬೆರಳಿಗಿಳೀತು,
ನನ್ನ ಗಂಟಲಕ್ಕ ರಜಾ ಕೊಟ್ರು.
ಮನ್ಯಾಗ ಮೊಮ್ಮಗಳನ್ನ ಊಟಕ್ಕ ಕರದರೂ
ಓಣಿ ಮಂದಿ ಎದ್ದು ಹೊರಗ ಬರತಿದ್ರು.

ಈಗ ಹುಬ್ಬಳ್ಳಿ. ಗೋಕುಲ ರೋಡಿನ ಹಳೇ ಜಿನ್ನಿನ ಅಂಗಳ,
ತೊಲಿ ಸಂದ್ಯಾಗ ಇನ್ನೂ ಎರಡೆಳಿ ಅರಳಿ.
ಸಣ್ಣ ಕಾರು ಹದಿನಾಲ್ಕು,
ಸುಣ್ಣದ ಗೆರಿ ಹೊಡದು ನಿಲ್ಲಿಸ್ಯಾರ:
ಮಾರಿ ಉಬ್ಬಿದ ಮಾರಿಸ್ ಮೈನರು,
ಒಂದು ಬಾಗಲಾ ಹಾಕಿದ್ರ ಇನ್ನೊಂದು ತಗೀವ ಹೆರಾಲ್ಡು,
ಸೀಟಿನ ಪ್ಲಾಸ್ಟಿಕ್ ಇನ್ನೂ ಕೀಳದ ಹಳೇ ಮಾರುತಿ.

"ಗುಡ್ಡಪ್ಪ, ಕಾರಿನ ಬಗ್ಗೆ ನಿನಗೇನು ಗೊತ್ತೋ?"
ಏನೂ ಇಲ್ರಿ. ಕಾಯಿ ಗೊತ್ತು.
ಮ್ಯಾಲ ನಿರಿಗಿ ಇದ್ದಷ್ಟೂ ರೇಟು.
ನೀರು ಹೊಡದು ತೂಕ ಏರಿಸಿದ ಚೀಲ
ಮೂಗಿಗೆ ಮೊದಲ ಗೊತ್ತಾಕ್ಕೈತಿ.
ನಿನ್ನೆ ರಾತ್ರಿ ತುಕ್ಕಿನ ಮ್ಯಾಲ ಬಳದ ಬಣ್ಣಾನೂ ಹಂಗ.

ಒಂಬತ್ತನೇ ನಂಬರು ಫಿಯಾಟು.
ಮಜ್ಜಿಗಿ ಬಣ್ಣ, ಗೇರು ಸ್ಟೇರಿಂಗಿನ ಕೊಳ್ಳಾಗ.
ಮಾರಾವ ಖಾದರಸಾಬ ಕುಂದಗೋಳ,
ನಾಲ್ವತ್ತೊಂದು ವರ್ಷ ಮಂದಿಗೆ ಗಾಡಿ ಕಲಿಸಿದಾವ.
ಬಲಗಡಿ ಕ್ಲಚ್ಚು, ಬ್ರೇಕು;
ಎಡಗಡಿ ಮತ್ತೊಂದು ಕ್ಲಚ್ಚು, ಮತ್ತೊಂದು ಬ್ರೇಕು,
ರಬ್ಬರು ಸವದು ಹಪ್ಪಳ.
ಅರ್ಧ ಹುಬ್ಬಳ್ಳಿ ಗ್ವಾಡಿಗೆ ಹಾಯದ ಉಳಿದದ್ದು ಆ ಹಪ್ಪಳದಿಂದ.
"ನಾನೂ ಇದರಾಗ ಕಲತದ್ದು," ಅಂದ್ಲು ಹಿಂದಿನ ಸಾಲಿನ ಬ್ಯಾಂಕಿನ ಮೇಡಂ,
"ಉಣಕಲ್ ಏರಿನ್ಯಾಗ ಒಮ್ಮೆ ಹಿಂದಕ್ಕ ಜಾರಿ..."
ಮುಂದ ಹೇಳಲಿಲ್ಲ, ನಕ್ಕಳು.
ಕೈ ಮಾತ್ರ ಎತ್ತಲಿಲ್ಲ.

ಎಂಬತ್ತು ಸಾವಿರದಿಂದ ಹಿಡದೆ.
ಕೊಲ್ಹಾಪುರದ ಒಬ್ಬ ಹುಡುಗ, ಬಿಳೇ ಬೂಟು,
ಬ್ಯಾಟರಿ ಬಿಟ್ಟು ಗಾಡಿ ಹೊಟ್ಟಿ ನೋಡಿ ಬಂದಿದ್ದ.
"ಎಡಗಡಿ ಪೆಡಲು ಕಿತ್ತು ಒರಿಜಿನಲ್ ಮಾಡ್ತೀನಿ"
ಅಂತ ಗೆಳ್ಯಾಗ ಹೇಳಿದ್ದು
ನನ್ನ ಕಿವಿಗೂ ಬಿತ್ತು, ಸಾಬನ ಕಿವಿಗೂ.
ತೊಂಬತ್ತು. ಲಕ್ಷ. ಲಕ್ಷದ ಹತ್ತು, ಗದಗಿನ ಪ್ರೆಸ್ಸಿನವರು.
ಲಕ್ಷ ನಾಲ್ವತ್ತು, ಬಿಳೇ ಬೂಟು.

ಆವಾಗ ಕಂಡೆ:
ಖಾದರಸಾಬ ಪ್ಲಾಸ್ಟಿಕ್ ಕುರ್ಚಿ ಮ್ಯಾಲ, ಮಾರಿ ಗ್ವಾಡಿ ಕಡೆ,
ರೇಟು ಏರಿದಂಗೆಲ್ಲಾ
ಬಲಗಾಲಿಲೆ ನೆಲಾ ಒತ್ತಾಕತ್ತಿದ್ದ.
ರೊಕ್ಕ ಬರೋದು ಅವಗ. ಕಾಲಿಗೆ ಯಾರು ಹೇಳಬೇಕು?

ಲಕ್ಷ ಎಪ್ಪತ್ತು, ಒಂದು ಸಾರಿ.
ಲಕ್ಷ ಎಪ್ಪತ್ತು, ಎರಡು ಸಾರಿ.

ಎರಡಕ್ಕೂ ಮೂರಕ್ಕೂ ನಡುವ ಒಂದು ಜಾಗಾ ಐತಿ.
ಅಲ್ಲಿ ನಾನು ಸಂಸಾರ ಮಾಡೀನಿ.
ಪ್ಯಾಟ್ಯಾಗ ಯಾವಾಕೆರ ಚೀಲದ ಮುಂದ ನಿಂತು
ಬೆರಳಿಗೆ ಸೆರಗು ಸುತ್ತಾಕತ್ತಿದ್ರ
ಕೆಮ್ಮು ಬಂದಂಗ ಮಾಡತಿದ್ದೆ;
ಆ ಕೆಮ್ಮಿನ್ಯಾಗ ಯಾವನರ ಇನ್ನೈವತ್ತು ಏರಸತಿದ್ದ.
ಇಲ್ಲೂ ಕೆಮ್ಮಿದೆ. ನೀರು ಕುಡದೆ. ಚಾಳೀಸು ಒರಸಿದೆ.
ಮೇಡಮ್ಮನ ಕಡೆ ನೋಡಿದೆ,
ಆಕಿ ಪರ್ಸಿನ ಜಿಪ್ಪು ನೋಡಿದಳು.
ತೊಲಿಯಿಂದ ಒಂದೆಳಿ ಅರಳಿ ಇಳದು
ಬಾನೆಟ್ಟಿನ ಮ್ಯಾಲ ಕುಂತಿತು. ಅದಕ್ಕೂ ಕೈ ಇಲ್ಲ.

ಮೂರು ಸಾರಿ.

ಚಹಾಕ್ಕ ಬಿಟ್ವಿ. ಸಹಿ ಆತು.
ರೊಕ್ಕ ಫೋನಿನ್ಯಾಗ ಬಂತು; ಸಾಬ ಫೋನು ಬೆಳಕಿಗೆ ಹಿಡದು
ಖೊಟ್ಟಿ ನೋಟು ನೋಡಾವರಂಗ ನೋಡಿದ.
ಬಿಳೇ ಬೂಟಿನಾವ ಕೀಲಿ ತಿರುವಿದ,
ಗೇರಿಗಂತ ಕೆಳಗ ನೆಲದ ಕಡೆ ಕೈ ಹಾಕಿದ. ಅಲ್ಲೇನೈತಿ?
ಗಾಡಿ ಎರಡು ಸಲ ಜಿಗದು ಸತ್ತಿತು.

ಮಂದಿ ನಗೋಕಿಂತ ಮೊದಲ
ಖಾದರಸಾಬ ಕಪ್ಪು ಕೆಳಗಿಟ್ಟು, ಎಡಗಡಿ ಬಾಗಲಾ ತಗದು ಕುಂತ.
"ಜಗ್ಗಬ್ಯಾಡ್ರಿ, ಎರಡ ಬಟ್ಟಿಲೆ ಹಿಡೀರಿ.
ಈಗ ಕ್ಲಚ್ಚು... ಸಾವಕಾಶ...
ಮಲಗಿದ ಕೂಸಿನ ಕೈಯಾಗಿನ ಗಿಲಕಿ ಬಿಡಿಸಿಕೊಂಡಂಗ."

ಗೇಟಿನ ತನಕಾ ನೀರಿನಂಗ ಹ್ವಾತು.
ಅಲ್ಲಿ ಒಂದು ಆಟೋ ಅಡ್ಡ ಬಂತು.
ಹಿಂದಿನ ದೀಪ ಎರಡರಾಗ ಒಂದ ಹತ್ತಿತು, ಕೆಂಪಗ,
ಗಿಡದಾಗ ಹಣ್ಣಾದ ಕಾಯಿಯಂಗ.
ಯಾರ ಕಾಲು ಒತ್ತಿತ್ತೋ
ಇಲ್ಲಿಂದ ಕಾಣಲಿಲ್ಲ.
ಒಳಗ ಹತ್ತನೇ ನಂಬರು ಕಾಯಾಕತ್ತಿತ್ತು.